ತಾಳ್ಯದ ಮಟ್ಟು

ಹಾಡಿನ ಬಗ್ಗೆ ಮೂರ್ತಪ್ಪನಿಗೆ ಚಿಂತೆಯೇ ಇರಲಿಲ್ಲ, ಚಿಂತೆಯೆಲ್ಲ ಮಾತಿನದು. ಹಾಡುವುದನ್ನು ಅವನು ಹೊಳಲ್ಕೆರೆಯ ತಾಲ್ಲೂಕು ಕಚೇರಿಯ ಪ್ರತಿ ಬೀಳ್ಕೊಡುಗೆ ಸಮಾರಂಭದಲ್ಲೂ ಮಾಡಿಕೊಂಡೇ ಬಂದಿದ್ದ. ಪ್ರಾರ್ಥನೆಗೆ ಗುಮಾಸ್ತ ಮೂರ್ತಪ್ಪ ಇಲ್ಲದಿದ್ದರೆ ಅಲ್ಲಿ ಯಾರೂ ನಿವೃತ್ತರಾಗುವಂತೆಯೇ ಇರಲಿಲ್ಲ. ಆದರೆ ಈಗ ಹಾಡಲು ಕರೆಸಿದ್ದ ದುರ್ಗದ ರೇಡಿಯೋದವರು ಬರೀ ಹಾಡಿಸಿ ಕಳಿಸುವುದಿಲ್ಲವಂತೆ, ಕೂರಿಸಿಕೊಂಡು ಮಾತೂ ಆಡಿಸುತ್ತಾರಂತೆ, ನಿಮ್ಮ ಗುರುಗಳು ಯಾರು, ಈ ಕಲೆ ನಿಮಗೆ ಹೇಗೆ ಒಲಿಯಿತು ಎಂದೆಲ್ಲ ಕೇಳುತ್ತಾರಂತೆ. ಕಲೆ ಒಲಿದವರಿಗೆಲ್ಲ ಒಬ್ಬ ಗುರು ಇದ್ದೇ ತೀರಬೇಕು ಎಂಬುದು ರೇಡಿಯೋದ ಕಾಯಿದೆ. ಮೂರ್ತಪ್ಪನಿಗೆ ಅಂಥ ಗುರು ಇರಲಿಲ್ಲ. ಇದ್ದದ್ದು ಬೋರಪ್ಪ ಮತ್ತು ಬೋರಪ್ಪನ ಹಳೆಯ ಹಾರ್ಮೋನಿಯಂ. ನಮ್ಮಪ್ಪನ ಹೊಲದಲ್ಲಿ ಕೂಲಿ ಮಾಡುತ್ತಿದ್ದವನ ಪಕ್ಕದಲ್ಲಿ ಕೂತು ಹಾಡಲು ಕಲಿತೆ ಎಂದು ಇಡೀ ಜಿಲ್ಲೆಗೆ ಕೇಳಿಸುವ ಹಾಗೆ ಹೇಳುವುದೆ? ಹೇಳಬಾರದೆಂದೇನೂ ಅಲ್ಲ, ಧಾರಾಳವಾಗಿ ಹೇಳಬಹುದು, ಅವನೇನು ಅಂಥ ಸಣ್ಣ ಮನಸ್ಸಿನವನಲ್ಲ. ಸಂದರ್ಭ ಬಂದರೆ ಹೇಳೋಣ ಎಂದುಕೊಂಡು, ಆ ಸಂದರ್ಭವೇ ಬಾರದಂಥ ಉತ್ತರಗಳನ್ನು ಒಂದು ವಾರದಿಂದ ಕನ್ನಡಿಯ ಮುಂದೆ ಅಭ್ಯಾಸ ಮಾಡುತ್ತಿದ್ದ. ಇವತ್ತು ಬೆಳಗ್ಗೆಯೂ ಹಲ್ಲುಜ್ಜುತ್ತ, "ಸಂಗೀತ ಎನ್ನುವುದು ನಮ್ಮ ಮನೆತನದಲ್ಲೇ ಬಂದದ್ದು" ಎಂದು ಕನ್ನಡಿಗೆ ಹೇಳುತ್ತಿದ್ದಾಗ ಹೆಂಡತಿ ಏಕಾಂತಮ್ಮ ಗಂಜಿ ಹಾಕಿ ಇಸ್ತ್ರಿ ಮಾಡಿದ ಜುಬ್ಬಾ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಗಲ್ಲದ ಮೇಲೆ ಪೇಸ್ಟು ಇಳೀತಾ ಐತೆ, ಮೊದ್ಲು ಅದನ್ನ ತೊಳ್ಕಳ್ರಿ," ಎಂದಳು.

ಬೋರಪ್ಪ ತಾಳ್ಯದಿಂದ ಮೊದಲ ಬಸ್ಸಿಗೇ ಬಂದು ಹೊಳಲ್ಕೆರೆ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದ. ಹಾರ್ಮೋನಿಯಮ್ಮನ್ನು ಹಳೆಯ ಸೀರೆಯಲ್ಲಿ ಗಂಟು ಕಟ್ಟಿಕೊಂಡು, ಹೆಗಲ ಮೇಲೆ ತೊಳೆದ ಟವಲು ಹಾಕಿಕೊಂಡು, ಮಾಸಿದ ಆದರೆ ಶುಭ್ರವಾದ ಅಂಗಿಯಲ್ಲಿ ಕೂತಿದ್ದವನು ಮೂರ್ತಪ್ಪನನ್ನು ಕಂಡು ಎದ್ದ. "ಏನ್ ಸಣ್ಗೌಡ್ರೇ, ಮದುವೆಗಂಡಾಗಿ ಬಂದೀರಿ," ಎಂದು ಜುಬ್ಬಾವನ್ನು ನೋಡಿ ನಕ್ಕ. ದುರ್ಗದ ಬಸ್ಸಿನಲ್ಲಿ ಮೂರ್ತಪ್ಪನ ಪಕ್ಕದ ಸೀಟು ಖಾಲಿಯಿದ್ದರೂ ಬೋರಪ್ಪ ಹಿಂದಿನ ಸೀಟಿಗೇ ಹೋಗಿ ಕೂತ, ಮೂರ್ತಪ್ಪನೂ ಬಾ ಎನ್ನಲಿಲ್ಲ. ಪೆಟ್ಟಿಗೆ ದೊಡ್ಡದು, ಅವನಿಗೆ ಅಲ್ಲೇ ಆರಾಮ, ಎಂದು ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡು ಕಿಟಕಿಯ ಆಚೆ ನೋಡತೊಡಗಿದ. ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಳ್ಳುವುದರಲ್ಲಿ ಅವನು ಹಾಡುಗಾರಿಕೆಗಿಂತ ಹೆಚ್ಚು ಪಳಗಿದ್ದ. ಉದಾಹರಣೆಗೆ, ಆ ಪೆಟ್ಟಿಗೆಯ ಒಂದು ರೀಡು ಸತ್ತು ಎಷ್ಟೋ ವರ್ಷವಾಗಿತ್ತು. ನಡುವಿನ ಮಧ್ಯಮ ಸ್ವರದ ರೀಡು. ಅದನ್ನು ಒತ್ತಿದರೆ ಸ್ವರ ಬರುವುದಿಲ್ಲ, 'ಹುಸ್ಸ್' ಎಂದು ಗಾಳಿ ಬರುತ್ತದೆ. ದಾವಣಗೆರೆಗೆ ಒಯ್ದರೆ ಒಂದು ಮಧ್ಯಾಹ್ನದಲ್ಲಿ ರಿಪೇರಿಯಾಗುವ ಕೆಲಸ. ಆದರೆ ಪ್ರತಿ ವರ್ಷ ಒಂದಲ್ಲ ಒಂದು ಅಡ್ಡಿ ಬರುತ್ತಿತ್ತು, ಕೊನೆಗೊಮ್ಮೆ ಮೂರ್ತಪ್ಪನೇ ಕೊಡು ಒಯ್ಯುತ್ತೇನೆ ಎಂದಾಗ ಬೋರಪ್ಪ, "ಇರ್ಲಿ ಬಿಡ್ರಿ, ಹಂಗೇ ಇರ್ಲಿ," ಎಂದುಬಿಟ್ಟಿದ್ದ. ಯಾಕೆ ಹಾಗೇ ಇರಲಿ ಎಂದು ಮೂರ್ತಪ್ಪ ಕೇಳಲಿಲ್ಲ. ಉತ್ತರ ಗೊತ್ತಿದ್ದ ಪ್ರಶ್ನೆಗಳನ್ನು ಕೇಳುವ ಅಭ್ಯಾಸ ಅವನಿಗಿರಲಿಲ್ಲ. ಹೀಗಾಗಿ ಇಬ್ಬರೂ ಆ ಸ್ವರವನ್ನು ಬಿಟ್ಟು ಹಾಡುವುದನ್ನು ರೂಢಿಸಿಕೊಂಡರು. ಬೋರಪ್ಪನ ಬೆರಳು ಗಾಂಧಾರದಿಂದ ಪಂಚಮಕ್ಕೆ ಹಾರುತ್ತಿತ್ತು, ಮೂರ್ತಪ್ಪನ ಗಂಟಲು ಅಲ್ಲಿ ಒಂದು ಚೂರು ನಿಂತು ಮುಂದೆ ಹೋಗುತ್ತಿತ್ತು. ಶನಿವಾರದ ಭಜನೆಯಲ್ಲಿ ಯಾರೂ ಅದನ್ನು ಗಮನಿಸುತ್ತಿರಲಿಲ್ಲ, ದೇವರೂ ದೂರು ಕೊಟ್ಟಿರಲಿಲ್ಲ.

ರೇಡಿಯೋ ಸ್ಟೇಷನ್ನಿನಲ್ಲಿ ಅವರನ್ನು ಬರಮಾಡಿಕೊಂಡವನು ಶ್ರೀನಿವಾಸ್ ಎಂಬ ಯುವಕ. ಕಾರ್ಯಕ್ರಮ ನಡೆಸಿಕೊಡುವವನು ಅವನೇ. ಮೈಸೂರಿನ ಕಡೆಯವನು, ಖಾದಿ ಕುರ್ತಾ, ನಗು, ಮತ್ತು ಗ್ರಾಮೀಣ ಪ್ರತಿಭೆಗಳ ಬಗ್ಗೆ ಅಪಾರ ಗೌರವ. ಈ ಗೌರವವನ್ನು ಅವನು ಎಷ್ಟು ಮೃದುವಾಗಿ ತೋರಿಸುತ್ತಿದ್ದನೆಂದರೆ ಮೂರ್ತಪ್ಪನಿಗೆ ತಾನು ಕಾಯಿಲೆಯವನೋ ಎಂಬ ಅನುಮಾನ ಬಂತು. ತಾನು ತಾಲ್ಲೂಕು ಕಚೇರಿಯ ನೌಕರ, ಹೊಳಲ್ಕೆರೆಯಲ್ಲಿ ಸ್ವಂತ ಮನೆಯಿದೆ, ಮನೆಯಲ್ಲಿ ಕೇಬಲ್ ಟೀವಿ ಇದೆ ಎಂದು ಹೇಳಿ ನೋಡಿದ. ಶ್ರೀನಿವಾಸ್ ಅದಕ್ಕೂ ಅಷ್ಟೇ ಮೃದುವಾಗಿ ತಲೆಯಾಡಿಸಿದ. ಒಳಗಿನ ಕೋಣೆಯ ಗೋಡೆಗಳಿಗೆಲ್ಲ ತೂತು ತೂತಿನ ಹಲಗೆ ಬಡಿದಿದ್ದರು. ಒಂದು ಕಡೆ ಗಾಜು, ಗಾಜಿನ ಆಚೆ ಧ್ವನಿಮುದ್ರಣ ನೋಡಿಕೊಳ್ಳುವ ಹೇಮಾವತಿ ಎಂಬಾಕೆ. ಚಪ್ಪಲಿ ಬಿಟ್ಟು ಒಳಗೆ ಹೋಗಿ ನೆಲದ ಜಮಖಾನೆಯ ಮೇಲೆ ಇಬ್ಬರೂ ಅಕ್ಕಪಕ್ಕ ಕೂತರು. ಮೊದಲ ಪೆಟ್ಟು ಹಾರ್ಮೋನಿಯಮ್ಮಿಗೆ ಬಿತ್ತು. ಬೋರಪ್ಪನ ಪೆಟ್ಟಿಗೆಯ ತಿದಿ ಉಸಿರು ಬಿಡುವುದು ಮೈಕಿಗೆ ಕೇಳಿಸುತ್ತದೆ ಎಂದು ಹೇಮಾವತಿ ಸ್ಟೇಷನ್ನಿನದೇ ಪೆಟ್ಟಿಗೆ ತರಿಸಿದಳು. ಎರಡನೆಯದು ಮೂರ್ತಪ್ಪನಿಗೆ. "ಸಾರ್, ನಿಮ್ಮ ಜುಬ್ಬಾ ತುಂಬ ಸದ್ದು ಮಾಡ್ತಿದೆ," ಎಂದು ಸ್ಪೀಕರಿನಲ್ಲಿ ಅವಳ ದನಿ ಬಂತು. ಅಲುಗಾಡದೆ ಕೂತು ನೋಡಿದ. ಉಸಿರಾಡಿದರೂ ಗಂಜಿ ಚರಚರ ಎನ್ನುತ್ತಿತ್ತು. "ಅದನ್ನ ತೆಗೆದಿಟ್ಟರೆ ಒಳ್ಳೇದು ಸಾರ್. ರೇಡಿಯೋದಲ್ಲಿ ಯಾರಿಗೂ ಕಾಣಿಸಲ್ಲ." ಯಾರಿಗೂ ಕಾಣಿಸಲ್ಲ ಎಂದ ಅವಳಿಗೆ ಗಾಜಿನಾಚೆಯಿಂದ ಎಲ್ಲವೂ ಕಾಣಿಸುತ್ತಿತ್ತು. ಮೂರ್ತಪ್ಪ ಜುಬ್ಬಾ ತೆಗೆದ. ಒಳಗಿನ ಬನಿಯನ್ನಿನಲ್ಲಿ, ಎಡ ಪಕ್ಕೆಯ ಹತ್ತಿರ, ಹೆಬ್ಬೆರಳು ತೂರುವಷ್ಟು ತೂತಿತ್ತು. ಜುಬ್ಬಾಕ್ಕೆ ಅಷ್ಟು ಗಂಜಿ ಸುರಿದವಳು ಬನಿಯನ್ನಿನ ಕಡೆ ಒಮ್ಮೆ ನೋಡಬಾರದಿತ್ತೆ ಎಂದು ಏಕಾಂತಮ್ಮನ ಮೇಲೆ ಸಿಟ್ಟು ಬಂತು. ಬೋರಪ್ಪ ತನ್ನ ಹೆಗಲ ಟವಲು ತೆಗೆದು ಮೂರ್ತಪ್ಪನ ಮೈಗೆ ಹೊದಿಸಿದ. ಅದಕ್ಕೆ ಹೊಗೆಸೊಪ್ಪಿನ, ಬಿಸಿಲಿನ ವಾಸನೆಯಿತ್ತು. ಮಾಸಿದ ಅಂಗಿಯ ಬೋರಪ್ಪನಿಂದ ಒಂದು ಸದ್ದೂ ಬರುತ್ತಿರಲಿಲ್ಲ.

ಮೈಕು ಹಚ್ಚುವ ಮೊದಲು ಒಂದು ಸಲ ಹಾಡಿ ತೋರಿಸಿ ಎಂದ ಶ್ರೀನಿವಾಸ್. 'ಕದ ಹಾಕಿದ ಮನೆಯಲ್ಲಿ ದೀಪ ಯಾಕೋ ಅಣ್ಣ' ಎಂಬ ತತ್ವಪದ ಎತ್ತಿಕೊಂಡರು. ಸ್ಟೇಷನ್ನಿನ ಪೆಟ್ಟಿಗೆಯಲ್ಲಿ ಎಲ್ಲ ರೀಡುಗಳೂ ಜೀವಂತವಾಗಿದ್ದವು. ಆದರೂ ಬೋರಪ್ಪನ ಬೆರಳು ರೂಢಿಯ ಪ್ರಕಾರ ಮಧ್ಯಮವನ್ನು ಹಾರಿ ದಾಟಿತು, ಮೂರ್ತಪ್ಪನ ಗಂಟಲೂ ಆ ಜಾಗದಲ್ಲಿ ನಿಂತು ಹೋಯಿತು. ಶ್ರೀನಿವಾಸ್ ಕಣ್ಣು ಮುಚ್ಚಿ ಕೇಳುತ್ತಿದ್ದವನು ಥಟ್ಟನೆ ಕಣ್ಣು ತೆರೆದು ಎರಡು ಕೈಯನ್ನೂ ಮೇಲೆತ್ತಿದ. ಸಿಕ್ಕಿಬಿದ್ದೆವು ಎಂದುಕೊಂಡ ಮೂರ್ತಪ್ಪ. "ಅದ್ಭುತ!" ಎಂದ ಶ್ರೀನಿವಾಸ್. "ಮಧ್ಯಮ ವರ್ಜ್ಯ! ಅದಕ್ಕಿಂತ ಹೆಚ್ಚಾಗಿ, ಆ ಜಾಗದಲ್ಲಿ ಒಂದು ಮೌನ ಇಡ್ತೀರಲ್ಲ, ಇದನ್ನ ನಾನು ಎಲ್ಲೂ ಕೇಳಿಲ್ಲ. ಇದು ತಾಳ್ಯದ ಮಟ್ಟೇ ಇರಬೇಕು. ಇದರ ಬಗ್ಗೆ ಖಂಡಿತ ಮಾತಾಡಬೇಕು ಸಾರ್." ಎದ್ದು ಹೋಗಿ ಗಾಜಿನ ಆಚೆ ಹೇಮಾವತಿಗೆ ಉತ್ಸಾಹದಿಂದ ಏನೋ ಹೇಳತೊಡಗಿದ. ಇಲ್ಲಿ ಇಬ್ಬರೇ ಉಳಿದರು. ಬೋರಪ್ಪ ಪೆಟ್ಟಿಗೆಯ ಬಿಳಿ ಪಟ್ಟಿಗಳನ್ನು ನೋಡುತ್ತ ಕೂತಿದ್ದ.

ಆ ಹಾಡಿನಲ್ಲಿ ಮೊದಲು ಮಧ್ಯಮ ಇತ್ತು. ಚೆನ್ನಾಗಿಯೂ ಇತ್ತು. ತಾಳ್ಯದ ಮನೆಯ ಪಡಸಾಲೆಯಲ್ಲಿ, ಅಪ್ಪ ಭರಮಸಾಗರದ ಸಂತೆಗೆ ಹೋದ ಒಂದು ಮಧ್ಯಾಹ್ನ, ಬೋರಪ್ಪ ಅದನ್ನು ಕಲಿಸುತ್ತಿದ್ದ. ಹುರುಪಿನಲ್ಲಿ ಇಬ್ಬರೂ ಒಂದೇ ಚಾಪೆಯ ಮೇಲೆ ಕೂತುಬಿಟ್ಟಿದ್ದರು. ಬೋರಪ್ಪ ಎರಡು ಸುಗ್ಗಿ ದುಡಿದು ತಂದುಕೊಂಡಿದ್ದ ಹಾರ್ಮೋನಿಯಂ ಅದು, ಹೊಸ ಮೆರುಗೆಣ್ಣೆಯ ವಾಸನೆ ಇನ್ನೂ ಹೋಗಿರಲಿಲ್ಲ. ದನ ಗಿಟ್ಟದೆ ಅಪ್ಪ ಬೇಗ ಬಂದರು. ಅವರ ಹೆಸರು ಮುರುಗಪ್ಪ, ಊರಿಗೆಲ್ಲ ದೊಡ್ಡ ಗೌಡರು. ಅವರು ಕೂಗಾಡುವ ಪೈಕಿಯಲ್ಲ. ಬಾಗಿಲಲ್ಲಿ ನಿಂತು ಚಾಪೆಯನ್ನು ನೋಡಿದರು. ಬೋರಪ್ಪ ತಟ್ಟನೆ ಎದ್ದು ಹೆಗಲ ಟವಲನ್ನು ಎಳೆದು ಕೈಗೆ ಇಳಿಸಿಕೊಂಡ. ಗೌಡರ ಎದುರು ಆಳುಮಕ್ಕಳ ಹೆಗಲ ಮೇಲೆ ಟವಲು ಇರಬಾರದು. ಮೂರ್ತಪ್ಪನೂ ಎದ್ದ. ಎದ್ದು ಚಾಪೆಯಿಂದ ದೂರ ಸರಿದು, ಆ ಕಡೆಯ ಕಂಬದ ಹತ್ತಿರ ಹೋಗಿ ನಿಂತ, ಆಗಷ್ಟೇ ಮನೆಗೆ ಬಂದವನಂತೆ. "ಪೆಟ್ಟಿಗೆ ಇಲ್ಲಿ ಕೊಡು," ಎಂದರು ಅಪ್ಪ. ಬೋರಪ್ಪ ಅದನ್ನು ಎದೆಗೊತ್ತಿಕೊಂಡು ಒಂದು ಗಳಿಗೆ ಮೂರ್ತಪ್ಪನ ಕಡೆ ನೋಡಿದ. ಮೂರ್ತಪ್ಪ ಕಂಬದ ಕೆತ್ತನೆ ನೋಡುತ್ತಿದ್ದ. "ಹೇಳಿದಷ್ಟು ಮಾಡೋ ಬೋರಾ," ಎಂದರು ಅಪ್ಪ, ಹೊಲದಲ್ಲಿ ದಿನವೂ ಹೇಳುವ ಮಾತು, ದಿನವೂ ಹೇಳುವ ತಣ್ಣನೆಯ ದನಿ. ಬೋರಪ್ಪ ಕೊಟ್ಟ. ಅಪ್ಪ ಅದನ್ನು ಅಂಗಳಕ್ಕೆ ಎಸೆದರು. ದನ ನೀರು ಕುಡಿಯುವ ಕಲ್ಲುಬಾನಿಗೆ ಬಡಿದು ಬಿತ್ತು. ಒಂದೇ ಒಂದು ರೀಡು ಹೋಯಿತು, ಮಿಕ್ಕಿದ್ದೆಲ್ಲ ಉಳಿಯಿತು, ಅದೃಷ್ಟ. ಅಪ್ಪ ತೀರಿಕೊಂಡ ಮೇಲೆ ಭಜನೆಗೆ ಮತ್ತೆ ಜೊತೆಯಾದಾಗ ಬೋರಪ್ಪ ಆ ದಿನದ ಮಾತೆತ್ತಲಿಲ್ಲ. ಮೂರ್ತಪ್ಪ ಅದನ್ನು ಕ್ಷಮೆಯೆಂದೇ ಲೆಕ್ಕಕ್ಕೆ ಹಿಡಿದುಕೊಂಡ, ಕೇಳದೆಯೇ ಸಿಕ್ಕಿದ್ದು ಎಂದು ಸಮಾಧಾನವನ್ನೂ ಪಟ್ಟ.

ಕೆಂಪು ದೀಪ ಹತ್ತಿತು. ಶ್ರೀನಿವಾಸ್ ಮೈಕಿನ ಮುಂದೆ ಬೇರೆಯೇ ಮನುಷ್ಯನಾದ, ದನಿಗೆ ಜೇನು ಬಂತು. ಕೇಳುಗರಿಗೆ ನಮಸ್ಕಾರ ಹೇಳಿದ, ತಾಳ್ಯ ಎಂಬ ಪುಟ್ಟ ಊರನ್ನು ವರ್ಣಿಸಿದ, ಅದನ್ನು ಅವನು ನೋಡಿಲ್ಲವೆಂಬುದು ವರ್ಣನೆಯಿಂದಲೇ ತಿಳಿಯುತ್ತಿತ್ತು. ಆಮೇಲೆ ಕೇಳಿಯೇ ಕೇಳಿದ: "ಮೂರ್ತಪ್ಪನವರೇ, ಈ ಮಧ್ಯಮ ಬಿಟ್ಟು ಹಾಡುವ ಮಟ್ಟು ನಿಮಗೆ ಯಾರಿಂದ ಬಂತು?" ಮೂರ್ತಪ್ಪ ಬಾಯಿ ತೆರೆದ. ರೀಡು ಕೆಟ್ಟಿದೆ ಸ್ವಾಮಿ ಎಂದರೆ ಎರಡೇ ಮಾತಿನಲ್ಲಿ ಮುಗಿಯುತ್ತಿತ್ತು. ಬೋರಪ್ಪನಿಂದ ಬಂತು ಎಂದಿದ್ದರೂ ಅರ್ಧ ನಿಜವಾಗುತ್ತಿತ್ತು. ಆದರೆ ಒಂದು ವಾರ ಕನ್ನಡಿಯ ಮುಂದೆ ತಯಾರಾದ ನಾಲಗೆ ಅವನ ಅಪ್ಪಣೆಗೆ ಕಾಯಲಿಲ್ಲ. "ಇದು ನಮ್ಮ ತಂದೆಯವರ ಕೊಡುಗೆ," ಎಂದಿತು. ಹೇಳಿದ ಮೇಲೆ ಅವನಿಗೇ ಗಾಬರಿಯಾಯಿತು, ಯಾಕೆಂದರೆ ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಶ್ರೀನಿವಾಸನ ಕಣ್ಣು ಹೊಳೆಯಿತು, ಇನ್ನಷ್ಟು ಹೇಳಿ ಎಂಬಂತೆ ಕೈಯಾಡಿಸಿದ. ಮೂರ್ತಪ್ಪ ಇನ್ನಷ್ಟು ಹೇಳಿದ. ತಂದೆ ಮುರುಗಪ್ಪನವರು ಮಿತಭಾಷಿಗಳು, ಸಂಗೀತದ ವಿಷಯದಲ್ಲಿ ಬಹಳ ಶಿಸ್ತು, ಮನುಷ್ಯ ಏನನ್ನಾದರೂ ಒಂದನ್ನು ಬಿಡಬೇಕು, ಬಿಟ್ಟಲ್ಲೇ ಭಕ್ತಿ ಇರುವುದು ಎನ್ನುತ್ತಿದ್ದರು, ಅದಕ್ಕೇ ಈ ಸ್ವರತ್ಯಾಗ. ಸ್ವರತ್ಯಾಗ ಎಂಬ ಪದ ಅಲ್ಲಿಯವರೆಗೆ ಲೋಕದಲ್ಲೇ ಇರಲಿಲ್ಲ, ಅವನ ಬಾಯಲ್ಲಿ ಆಗಲೇ ಹುಟ್ಟಿತು. ಹೇಳುತ್ತ ಹೋದಂತೆ ಒಂದು ಸುಖ ಏರುತ್ತಿತ್ತು. ರೇಡಿಯೋ ಈಗ ಯಾರ್ರೀ ಕೇಳ್ತಾರೆ ಎಂದು ಅರ್ಧ ದಿನದ ರಜೆಯನ್ನು ಭಿಕ್ಷೆಯಂತೆ ಕೊಟ್ಟಿದ್ದ ತಹಶೀಲ್ದಾರರು ಕೇಳಲಿ ಇದನ್ನು. ಟವಲು ಹೊದ್ದ ಹೆಗಲು ತಾನಾಗಿ ಅಗಲವಾಯಿತು. ಪಕ್ಕದಲ್ಲಿ ಬೋರಪ್ಪ ಇದ್ದಾನೆ ಎಂಬುದು ನೆನಪಾದಾಗ, "ನಮ್ಮ ಬೋರಪ್ಪನವರೂ ಅದನ್ನೇ ಉಳಿಸಿಕೊಂಡು ಬಂದಿದ್ದಾರೆ," ಎಂದು ಸೇರಿಸಿದ. ಹುಟ್ಟಿದಾಗಿನಿಂದ ಬೋರ ಎಂದೇ ಕರೆದವನನ್ನು ಬೋರಪ್ಪನವರು ಮಾಡಿದ್ದಕ್ಕೆ ಅವನಿಗೆ ಖುಷಿಯಾಗಬಹುದು ಎಂದುಕೊಂಡ.

ಶ್ರೀನಿವಾಸ್ ಮೈಕನ್ನು ಬೋರಪ್ಪನ ಕಡೆಗೆ ತಿರುಗಿಸಿದ. "ಬೋರಪ್ಪನವರೇ, ಹಾಗಾದರೆ ನೀವೂ ಮುರುಗಪ್ಪನವರಿಂದಲೇ ಕಲಿತದ್ದಾ?"

ಮೂರ್ತಪ್ಪನಿಗೆ ತನ್ನ ಎದೆಬಡಿತ ಟೇಪಿನಲ್ಲಿ ಸೇರಿಕೊಳ್ಳುತ್ತದೇನೋ ಎನಿಸಿತು. ಬೋರಪ್ಪ ಗಂಟಲು ಸರಿಮಾಡಿಕೊಂಡ.

"ಹೂಂ ಸ್ವಾಮಿ. ಅವರೇ ಕಲಿಸಿದ್ದು."

"ಎಷ್ಟು ಕಾಲ ಕಲಿಸಿದರು?"

"ಒಂದೇ ದಿನ. ಒಂದು ಗಳಿಗೇನೂ ಹಿಡೀಲಿಲ್ಲ. ಇವತ್ತಿಗೂ ಮರ್ತಿಲ್ಲ ನೋಡ್ರಿ."

"ಆಹಾ," ಎಂದ ಶ್ರೀನಿವಾಸ್, ಕಣ್ಣು ಮುಚ್ಚಿಕೊಂಡು. "ಗುರುವೆಂದರೆ ಹಾಗಿರಬೇಕು. ಇವರೂ ಅಲ್ಲೇ ಇದ್ದರಾ ಆವಾಗ?"

"ಇದ್ರು. ಕಂಬದ ಹತ್ರ ನಿಂತಿದ್ರು," ಎಂದ ಬೋರಪ್ಪ.

ಮೂರ್ತಪ್ಪ ನಕ್ಕ. ಮೈಕಿನ ಮುಂದೆ ನಗುವುದು ಬಿಟ್ಟು ಮತ್ತೇನು ಮಾಡಲು ಬರುತ್ತದೆ? ಗಾಜಿನ ಆಚೆ ಹೇಮಾವತಿಯೂ ನಕ್ಕಳು, ಎಲ್ಲರಿಗೂ ಸಂತೋಷವಾಗಿತ್ತು. ಅವನ ಒಳಗೆ ಮಾತ್ರ ಬೋರ ಗುಟ್ಟು ಬಿಟ್ಟುಕೊಡಲಿಲ್ಲ ಎಂಬ ನೆಮ್ಮದಿ ಅರ್ಧ, ಬಿಟ್ಟುಕೊಡದೆಯೇ ಎಲ್ಲವನ್ನೂ ಹೇಳಿಬಿಟ್ಟ ಎಂಬ ನಾಚಿಕೆ ಅರ್ಧ. ಹೊರಗೆ ಹೋದ ಮೇಲೆ ಕ್ಯಾಂಟೀನಿನಲ್ಲಿ ಎದುರಾಬದುರು ಕೂರಿಸಿಕೊಂಡು ಕಾಫಿ ಕೊಡಿಸಬೇಕು, ಒಂದು ಮಾತು ಹೇಳಬೇಕು, ಏನೆಂದು ಆಮೇಲೆ ಯೋಚಿಸಿದರಾಯಿತು ಎಂದುಕೊಂಡ. ಅಷ್ಟರಲ್ಲಿ ಹಾಡು ಶುರುಮಾಡಿ ಎಂದು ಸನ್ನೆ ಬಂತು.

ಕದ ಹಾಕಿದ ಮನೆಯಲ್ಲಿ ಎಂಬಷ್ಟು ಸುಸೂತ್ರವಾಗಿ ಹೋಯಿತು. ದೀಪ ಎಂಬಲ್ಲಿ ಮೂರ್ತಪ್ಪನ ಗಂಟಲು ಎಂದಿನಂತೆ ನಿಂತಿತು. ಪೆಟ್ಟಿಗೆ ನಿಲ್ಲಲಿಲ್ಲ. ಬೋರಪ್ಪನ ಬೆರಳು ಇಳಿದು ಮಧ್ಯಮವನ್ನು ಒತ್ತಿತು, ಒತ್ತಿ ಹಿಡಿಯಿತು. ತುಂಬು ಸ್ವರ, ಮೆತ್ತಗೆ, ಕೋಣೆಯ ತುಂಬ. ಎಷ್ಟು ಚೆನ್ನಾಗಿತ್ತು! ಅದಿಲ್ಲದೆ ಇಷ್ಟು ವರ್ಷ ಆ ಹಾಡನ್ನು ಹೇಗೆ ಹಾಡಿದೆವು ಎಂದು ಅಳು ಬರುವಷ್ಟು ಚೆನ್ನಾಗಿತ್ತು. ಒಂದು ಗಳಿಗೆ ಅವನು ಮತ್ತೆ ಆ ಚಾಪೆಯ ಮೇಲಿದ್ದ. ಮುಂದಿನ ಸಾಲಿನಲ್ಲಿ ಅವನೂ ಆ ಸ್ವರಕ್ಕೆ ಹೋಗಬೇಕೆಂದು ಬಾಯಿ ತೆರೆದ, ಗಂಟಲು ದಾರಿ ಮರೆತಿತ್ತು, ಒಡಕು ದನಿ ಹೊರಟಿತು. ಹೇಮಾವತಿ ಗಾಜು ಬಡಿದಳು.

"ಸಾರಿ ಸಾರ್, ಒಂದು ಸ್ವರ ತಪ್ಪಾಯ್ತು," ಎಂದು ಸ್ಪೀಕರಿನಲ್ಲಿ ಅವಳ ದನಿ. ಶ್ರೀನಿವಾಸನ ಮುಖದಲ್ಲಿ ನೋವಿತ್ತು. ಅವನು ಬೋರಪ್ಪನ ಕಡೆ ಬಾಗಿ, ಮಗುವಿಗೆ ಹೇಳುವಂತೆ, "ಬೋರಪ್ಪನವರೇ, ಮಧ್ಯಮ ಬಂದುಬಿಡ್ತು. ಗುರುಗಳ ಮಟ್ಟು ಕೆಡುತ್ತೆ," ಎಂದ.

"ಈ ಪೆಟ್ಟಿಗೇಲಿ ಐತೆ ಸ್ವಾಮಿ ಅದು. ಇರೋದನ್ನ ನುಡಿಸ್ದೆ," ಎಂದ ಬೋರಪ್ಪ.

"ಅದಲ್ಲ, ಸಂಪ್ರದಾಯ..." ಶ್ರೀನಿವಾಸ್ ಮೂರ್ತಪ್ಪನ ಕಡೆ ತಿರುಗಿದ. "ಸಾರ್, ನೀವೇ ಹೇಳಿ ಅವರಿಗೆ."

ಬೋರಪ್ಪ ಬೆರಳನ್ನು ಆ ಬಿಳಿ ಪಟ್ಟಿಯ ಮೇಲೇ ಇಟ್ಟುಕೊಂಡು ಮೂರ್ತಪ್ಪನ ಮುಖ ನೋಡಿದ. ಇಲ್ಲಿ ನೋಡಲು ಕಂಬವಿರಲಿಲ್ಲ. ಇರಲಿ ಬಿಡಿ, ಅವನು ನುಡಿಸಿದ್ದೇ ಸರಿ, ಎಂದು ಹೇಳುವುದಕ್ಕೆ ಮೂರ್ತಪ್ಪನಿಗೆ ಸಾಕಷ್ಟು ಹೊತ್ತಿತ್ತು. ಆದರೆ ಹಾಗೆಂದರೆ ಸ್ವರತ್ಯಾಗದ ಗತಿಯೇನು, ಶಿಸ್ತಿನ ತಂದೆಯವರ ಗತಿಯೇನು, ತಹಶೀಲ್ದಾರರ ಗತಿಯೇನು? ಇವನೊಬ್ಬ ಇಷ್ಟು ಜನರೆದುರು ಹೀಗೆ ಹಟ ಹಿಡಿದು ಕೂತಿದ್ದಾನಲ್ಲ ಎಂದು ಸಿಟ್ಟು ಬಂತು, ಅದು ಬೋರನ ಮೇಲೋ ತನ್ನ ಮೇಲೋ ಎಂದು ನೋಡುವ ವ್ಯವಧಾನ ಇರಲಿಲ್ಲ. ಕ್ಯಾಂಟೀನಿನಲ್ಲಿ ಹೇಳಬೇಕೆಂದಿದ್ದ ಮಾತಿನ ಬದಲು ಬೇರೆ ಮಾತು ಬಂತು. ಏನೆಂದನೆಂಬುದು ಅವನಿಗೇ ಸರಿಯಾಗಿ ಕೇಳಿಸಲಿಲ್ಲ. ಬೋರಪ್ಪ ಬೆರಳು ತೆಗೆದ. ಮತ್ತೆ ಮೊದಲಿಂದ ಹಾಡಿದರು. ಬೆರಳು ಹಾರಿತು, ಗಂಟಲು ನಿಂತಿತು, ಮೌನ ಇರಬೇಕಾದಲ್ಲಿ ಅಚ್ಚುಕಟ್ಟಾಗಿ ಇತ್ತು. ಶ್ರೀನಿವಾಸ್ ಕಣ್ಣು ಮುಚ್ಚಿ ತಲೆದೂಗಿದ.

"ತುಂಬ ಚೆನ್ನಾಗಿ ಬಂತು. ಒಂದು ಸಲ ಕೇಳಿಸ್ತೀನಿ, ನೋಡಿ," ಎಂದಳು ಹೇಮಾವತಿ. ತನ್ನ ದನಿಯನ್ನು ಟೇಪಿನಲ್ಲಿ ಕೇಳುವುದು ಮೂರ್ತಪ್ಪನಿಗೆ ಇದೇ ಮೊದಲು. ಎಲ್ಲರಿಗೂ ತಮ್ಮ ದನಿ ಬೇರೆಯವರದ್ದು ಅನ್ನಿಸುತ್ತೆ, ಗಾಬರಿಯಾಗಬೇಡಿ ಎಂದು ಶ್ರೀನಿವಾಸ್ ಮೊದಲೇ ಎಚ್ಚರಿಸಿದ. ಹೇಮಾವತಿ ಟೇಪನ್ನು ಸ್ವಲ್ಪ ಹೆಚ್ಚೇ ಹಿಂದಕ್ಕೆ ಓಡಿಸಿದ್ದಳು. ಸ್ಪೀಕರಿನಲ್ಲಿ ಮೊದಲು ಸರ್ರೆಂಬ ಸದ್ದು, ಆಮೇಲೆ, ಕೋಣೆಯ ನಡುವೆಯೇ ನಿಂತು ಹೇಳಿದಷ್ಟು ಸ್ಪಷ್ಟವಾಗಿ, ತಣ್ಣಗೆ: "ಹೇಳಿದಷ್ಟು ಮಾಡೋ ಬೋರಾ."

ಯಾರು ಒಳಗೆ ಬಂದದ್ದು ಎಂದು ಮೂರ್ತಪ್ಪ ನಿಜವಾಗಿಯೂ ಬಾಗಿಲ ಕಡೆ ತಿರುಗಿದ. ಬಾಗಿಲು ಮುಚ್ಚಿತ್ತು. ಮತ್ತೆ ಈ ಕಡೆ ತಿರುಗಿದಾಗ ಬೋರಪ್ಪ ಎದ್ದು ನಿಂತಿದ್ದ. ಎದ್ದದ್ದು ಅವನಿಗೇ ತಿಳಿದಂತಿರಲಿಲ್ಲ, ಕಣ್ಣು ಸ್ಪೀಕರಿನ ಮೇಲಿತ್ತು, ಬಲಗೈ ಹೆಗಲಿಗೆ ಹೋಗಿ ಅಲ್ಲಿ ಟವಲನ್ನು ಹುಡುಕುತ್ತಿತ್ತು. ಟವಲು ಅಲ್ಲಿರಲಿಲ್ಲ. ಬೆರಳುಗಳು ಬರಿಯ ಅಂಗಿಯನ್ನು ಹಿಡಿದು ಎಳೆದು, ಬಿಟ್ಟು, ಮತ್ತೆ ಎಳೆದವು. ಸ್ಪೀಕರಿನಲ್ಲಿ ಹಾಡು ಶುರುವಾಗಿತ್ತು, ಅದನ್ನು ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ.

"ಯಾಕೆ ಎದ್ದುಬಿಟ್ಟಿರಿ? ಕೂತ್ಕೊಳ್ಳಿ," ಎಂದಳು ಹೇಮಾವತಿ. "ಸಾರ್ ಹೇಳಿದ ಆ ಮಾತು ಪ್ರಸಾರದಲ್ಲಿ ಬರಲ್ಲ, ಕತ್ತರಿಸಿ ತೆಗೀತೀವಿ."

ಬೋರಪ್ಪ ಕೂರಲಿಲ್ಲ. ನಿಧಾನವಾಗಿ ಕೈ ಇಳಿಸಿ ಮೂರ್ತಪ್ಪನನ್ನು ನೋಡಿದ. ಇಷ್ಟು ವರ್ಷ ಸಣ್ಗೌಡ್ರೇ ಎನ್ನುತ್ತಿದ್ದವನು, "ನನ್ ಟವಲ್ ಕೊಡ್ರಿ, ಗೌಡ್ರೇ," ಎಂದ.

ಮೂರ್ತಪ್ಪ ಕೊಟ್ಟ. ತೂತಿನ ಬನಿಯನ್ನಿನ ಮೇಲೆ ತಣ್ಣನೆ ಗಾಳಿ ಆಡಿತು, ಗಾಜಿನ ಆಚೆ ಹೇಮಾವತಿ ಕಣ್ಣು ಬೇರೆ ಕಡೆ ತಿರುಗಿಸಿದಳು. ಬೋರಪ್ಪ ಟವಲನ್ನು ಹೆಗಲಿಗೆ ಹಾಕಿಕೊಳ್ಳಲಿಲ್ಲ. ನಾಲ್ಕು ಮಡಿಕೆ ಮಾಡಿ ಕೈಯಲ್ಲಿ ಹಿಡಿದುಕೊಂಡು, ನಿಂತೇ, "ಮುಂದಿನ ಹಾಡು ಯಾವ್ದು ಹೇಳ್ರಿ," ಎಂದ.